ಖರ್ಚಾಗದ ದುಡ್ಡು, ಕತ್ತಲಲ್ಲಿ ಹೊಳೆಯುವ ಆಕ್ಟೋಪಸ್

ಲೈಟ್ ಆರಿಸಿದರೆ ಆಸ್ಟ್ರಿಯಾದ 3 ಯೂರೋ ನಾಣ್ಯದ ಮೇಲಿನ ಆಕ್ಟೋಪಸ್ ಮಿಣುಗುತ್ತದೆ. ನೋಡಿದವರೆಲ್ಲ ಕೇಳುವುದು ಅವೇ ಪ್ರಶ್ನೆ. ಇದು ನಿಜವಾದ ದುಡ್ಡಾ? ಬೆಳ್ಳಿಯಾ? ಒಳಗೆ ರೇಡಿಯಂ ಗೀಡಿಯಂ ಏನಾದರೂ ಇದೆಯಾ?

ರಾಜರ ತಲೆ, ದೇವರು, ಆನೆ, ಗೂಬೆ ಅಂತ ಎರಡೂವರೆ ಸಾವಿರ ವರ್ಷ ನಾಣ್ಯದ ಮೇಲೆ ಏನೇನೋ ಬಂದು ಹೋದವು, ಬೆಲೆ ಇದ್ದದ್ದು ಮಾತ್ರ ಬಹುಪಾಲು ಲೋಹದಲ್ಲೇ. 20ನೇ ಶತಮಾನದಲ್ಲಿ ಚಿಲ್ಲರೆಯಿಂದ ಬೆಳ್ಳಿ ಹೊರಟುಹೋಯಿತು. ನಾಣ್ಯ ಅಚ್ಚು ಹಾಕುವ ಟಂಕಸಾಲೆಗಳು ಇನ್ನೊಂದು ದಾರಿ ಹಿಡಿದವು: ಅಂಗಡಿ ಗಲ್ಲಾ ಕಾಣದೆ, ಡಬ್ಬಿಯಲ್ಲಿ ಕೂತು ನೇರ ಸಂಗ್ರಾಹಕರ ಮನೆಗೆ ಹೋಗುವ ನಾಣ್ಯ. ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷ ತುಂಬಿದಾಗ ನಮ್ಮಲ್ಲೂ 1,000 ರೂಪಾಯಿ ನಾಣ್ಯ ಬಂತಲ್ವಾ, ಅದನ್ನು ಕೊಟ್ಟು ಯಾರೂ ಅಕ್ಕಿ ತಂದಿರಲಿಕ್ಕಿಲ್ಲ.

ಕಡಲ ಜೀವಿಗಳ ಬಣ್ಣದ ನಾಣ್ಯ ಬಂದದ್ದು 1992ರಲ್ಲಿ, ಪೆಸಿಫಿಕ್‌ನ ಪಲಾವ್ ದೇಶದ ಹೆಸರಲ್ಲಿ (ತಿನ್ನೋ ಪಲಾವ್ ಅಲ್ಲ). ಅಲ್ಲಿನ ಜನ ಖರ್ಚು ಮಾಡುವುದು ಅಮೆರಿಕದ ಡಾಲರ್. ನಿಯುವೆ, ಟುವಾಲು ದ್ವೀಪಗಳದ್ದೂ ಇಂಥದ್ದೇ ಕಥೆ. ಹೆಸರು ದ್ವೀಪದ್ದು, ಅಚ್ಚು ಬೇರೆಲ್ಲೋ, ಕೊಳ್ಳುವವರು ಇನ್ನೆಲ್ಲೋ.

ಹೊಳಪಿನ ದಾರಿ ತೆರೆದದ್ದು ಜಪಾನಿನಲ್ಲಿ. ಹಳೇ ವಾಚುಗಳಲ್ಲಿ ರೇಡಿಯಂ ಇರುತ್ತಿತ್ತು, ಅದು ವಿಕಿರಣ ಸೂಸುತ್ತದೆ, ಅಪಾಯ. 1993ರಲ್ಲಿ ನೆಮೋಟೊ ಕಂಪನಿಯವರು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿಗೆ ಯುರೋಪಿಯಂ, ಡಿಸ್ಪ್ರೋಸಿಯಂ ಎಂಬ ಲೋಹಗಳನ್ನು ಚೂರು ಬೆರೆಸಿ, ಗಂಟೆಗಟ್ಟಲೆ ಹೊಳೆಯುವ ಬಣ್ಣ ಮಾಡಿದರು. ವಿಕಿರಣ ಇಲ್ಲ. ಬೆಳಕು ಕುಡಿಯುತ್ತದೆ, ನಿಧಾನಕ್ಕೆ ಬಿಡುತ್ತದೆ, ಅಷ್ಟೇ.

ಇದನ್ನು ನಾಣ್ಯದಲ್ಲಿ ಜೋರಾಗಿ ಬಳಸಿದ್ದು ಕೆನಡಾದ ಟಂಕಸಾಲೆ. 2012ರಲ್ಲಿ ಒಂದು ಡೈನೋಸಾರ್ ನಾಣ್ಯ ತಂದರು. ಹಗಲಲ್ಲಿ ಚರ್ಮ ಸಮೇತ ಪ್ರಾಣಿ, ರಾತ್ರಿ ಬರೀ ಮೂಳೆ. ಐಡಿಯಾ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಮುಖಬೆಲೆ 25 ಸೆಂಟ್, ಮಾರಿದ್ದು 30 ಡಾಲರ್ ಹತ್ತಿರಕ್ಕೆ, ಅದೂ ತಾಮ್ರ-ನಿಕಲ್‌ನದ್ದು. 2017ರಲ್ಲಿ ಅದೇ ಟಂಕಸಾಲೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ ಚಿತ್ರವಿರುವ, ಕತ್ತಲಲ್ಲಿ ಹೊಳೆಯುವ 2 ಡಾಲರ್ ನಾಣ್ಯವನ್ನು ನೇರವಾಗಿ ಚಲಾವಣೆಗೇ ಬಿಟ್ಟಿತು, ಒಂದಕ್ಕೆ 2 ಡಾಲರ್‌ಗಿಂತ ಒಂದು ಪೈಸೆ ಜಾಸ್ತಿ ಇಲ್ಲ. ನನಗೆ ಅದೇ ಹಿಡಿಸಿದ್ದು. ಕಾಫಿ ಕುಡಿದು ಚಿಲ್ಲರೆ ತಗೊಂಡರೆ ಅದರಲ್ಲಿ ಒಂದು ಹೊಳೆಯುವುದು ಸಿಗಬಹುದು!

ಆ ಹೊತ್ತಿಗೆ ಆಸ್ಟ್ರಿಯಾ ಕೂಡ ಇಳಿದಿತ್ತು. ವಿಯೆನ್ನಾದ ಟಂಕಸಾಲೆ ಸಣ್ಣದಲ್ಲ. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಸೆರೆಯಿಂದ ಬಿಡಿಸಿಕೊಳ್ಳಲು ತೆತ್ತ ಬೆಳ್ಳಿಯಿಂದ 1194ರಲ್ಲಿ ಶುರುವಾದದ್ದು ಅಂತಾರೆ. ಅಲ್ಲಿಂದ 2016ರಲ್ಲಿ ಬಾವಲಿಯ 3 ಯೂರೋ ನಾಣ್ಯ ಬಂತು, ಒಟ್ಟು ಹನ್ನೆರಡು ಪ್ರಾಣಿಗಳ ಸಾಲಿನಲ್ಲಿ ಮೊದಲನೆಯದು. 2019ರಿಂದ ಡೈನೋಸಾರ್‌ಗಳು. 2022ರಿಂದ ಹೊಳೆಯುವ ಕಡಲ ಜೀವಿಗಳು. ಬೆಳ್ಳಿಯಲ್ಲ, ಇವೂ ತಾಮ್ರ-ನಿಕಲ್. ನಿಜವಾದ ದುಡ್ಡು ಹೌದು, ಆದರೆ ಆಸ್ಟ್ರಿಯಾದ ಗಡಿ ದಾಟಿದರೆ ಚಲಾವಣೆ ಇಲ್ಲ. ಪಕ್ಕದ ಜರ್ಮನಿಯಲ್ಲಿ ಕೊಟ್ಟರೆ ಅಂಗಡಿಯವರು ತಗೊಳ್ಳಬೇಕು ಅಂತೇನಿಲ್ಲ. ಇನ್ನು ಸಾಲು ಅಂತ ಆದಮೇಲೆ ಗೊತ್ತಲ್ಲ, ಹತ್ತು ಕೊಂಡವರು ಹನ್ನೊಂದನೆಯದನ್ನು ಬಿಡುವುದಿಲ್ಲ, ಇಷ್ಟವಾಗದಿದ್ದರೂ ಜಾಗ ಖಾಲಿ ಕಾಣುತ್ತದೆ ಅಂತ ಕೊಳ್ಳುತ್ತಾರೆ.

ಆಳ ಕಡಲಿನ ಆಂಗ್ಲರ್ ಮೀನು ಹಣೆಯ ಗಾಳದ ತುದಿಯಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು, ವರ್ಷವಿಡೀ ಬಿಸಿಲೇ ಕಾಣದ ಕಡೆ ದೀಪ ಹಚ್ಚುತ್ತದೆ. ಆದರೆ ನಾಣ್ಯ ಹೊಳೆಯಬೇಕಾದರೆ ಅದನ್ನು ಮೊದಲು ಟ್ಯೂಬ್‌ಲೈಟ್ ಕೆಳಗೆ ಇಡಬೇಕು. ಇನ್ನು ಆಸ್ಟ್ರಿಯಾದ ಕಡಲ ಸಾಲಿಗೆ ಸೇರಿದ ನೀಲಿ ಉಂಗುರದ ಆಕ್ಟೋಪಸ್ ವಿಷಯ. ಅದು ಆಳ ಕಡಲಿನದ್ದೇ ಅಲ್ಲ, ದಡದ ಹತ್ತಿರ ಕಲ್ಲು ಸಂದಿಯಲ್ಲಿ ಇರುವಂಥದ್ದು. ಅದರ ಉಂಗುರಗಳು ಮೇಲೆ ಬಿದ್ದ ಬೆಳಕನ್ನು ತಿರುಗಿಸಿ ಮಿಂಚುತ್ತವೆ. ಪೂರ್ತಿ ಕತ್ತಲಾದರೆ ನಾಣ್ಯದ ಆಕ್ಟೋಪಸ್ ಕಾಣುತ್ತದೆ, ನಿಜವಾದದ್ದು ಕಾಣುವುದಿಲ್ಲ.