ಕಣಬರಗಿಯ ಎಣ್ಣೆ ಎಂಜಿನ್‌ಗಳು ನಿಂತದ್ದು ಯಾಕೆ?

ಸಂಜೆ ಏಳು ಗಂಟೆ. ಬೆಳಗಾವಿಯ ವಡಗಾವಿಯಲ್ಲಿ ಮಗ್ಗಗಳ ಸದ್ದು ಇನ್ನೂ ನಿಂತಿರುವುದಿಲ್ಲ. ಅಷ್ಟರಲ್ಲಿ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸರ್ ಶುರು. ಕರೆಂಟಿನ ಬೇಡಿಕೆ ತುದಿ ಮುಟ್ಟುವ ಹೊತ್ತು ಇದು.

ಈ ಹೊತ್ತನ್ನು ನಿಭಾಯಿಸಲು ರಾಜ್ಯ ಬಹುಕಾಲ ನಂಬಿದ್ದು ಶರಾವತಿಯನ್ನು. ಗೇಟು ತೆರೆದರೆ ಕೆಲವೇ ನಿಮಿಷದಲ್ಲಿ ಕರೆಂಟು. ಮಳೆ ಕೈಕೊಟ್ಟರೆ ಮಾತ್ರ ಕಷ್ಟ. ಬೇಡಿಕೆ ಏರುತ್ತಲೇ ಇತ್ತು. 1991ರಲ್ಲಿ ವಿದ್ಯುತ್ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡಿತು. ಬೇಗ ಕಟ್ಟಬಹುದು ಎಂದು ಎಣ್ಣೆ ಉರಿಸಿ ಕರೆಂಟು ಮಾಡುವ ಘಟಕಗಳು ಬಂದವು. ಬೆಳಗಾವಿಯ ಕಣಬರಗಿಯಲ್ಲಿ ಟಾಟಾ ಪವರ್‌ನ 81.3 ಮೆಗಾವ್ಯಾಟ್ ಘಟಕ 2001ರಲ್ಲಿ ಶುರುವಾಯಿತು. ಅದರ ಬೆನ್ನಿಗೇ ರಾಜ್ಯಕ್ಕೆ ಸಾಲು ಬರಗಾಲ.

ಇಲ್ಲಿ ಉರಿಯುತ್ತಿದ್ದದ್ದು ಪಂಪಿನಲ್ಲಿ ಸಿಗುವ ಡೀಸೆಲ್ ಅಲ್ಲ. ಕಪ್ಪನೆಯ ಭಾರದ ಎಣ್ಣೆ. ಆರಿದರೆ ಮೇಣದಂತೆ ಗಟ್ಟಿಯಾಗುತ್ತದೆ, ಹಾಗಾಗಿ ಟ್ಯಾಂಕು, ಪೈಪು ಎಲ್ಲವನ್ನೂ ಬಿಸಿ ಇಡಬೇಕು.

ಕರೆಂಟು ಕೊಳ್ಳುವಾಗ ಅಗ್ಗದ್ದು ಮೊದಲು, ದುಬಾರಿಯದ್ದು ಕೊನೆಗೆ. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಎಣ್ಣೆ ಕರೆಂಟು ಸರದಿಯ ತುದಿಗೆ ಹೋಯಿತು. 2011ರಲ್ಲಿ ಖರೀದಿ ಒಪ್ಪಂದವೂ ಮುಗಿಯಿತು. ಇಂಥ ಒಪ್ಪಂದಗಳಲ್ಲಿ ಎಂಜಿನ್ ಓಡದಿದ್ದರೂ ನಿಗದಿತ ಶುಲ್ಕ ಕಟ್ಟಬೇಕು. ಆ ಹಣ ಕೊನೆಗೆ ನಮ್ಮ ಬಿಲ್ಲಿನಿಂದಲೇ ಅಲ್ವಾ?

ಈಗ ಹೊಗೆಯ ಲೆಕ್ಕ. ಇಂಥ ಎಂಜಿನ್‌ಗೆ ಒಂದು ಯೂನಿಟ್ಟಿಗೆ ಸುಮಾರು 200 ಗ್ರಾಂ ಎಣ್ಣೆ ಬೇಕು. ಇಡೀ ಘಟಕ ಒಂದು ತಾಸು ಪೂರ್ತಿ ಓಡಿದರೆ ಸುಮಾರು 16 ಟನ್ ಎಣ್ಣೆ, 50 ಟನ್ ಇಂಗಾಲದ ಡೈಆಕ್ಸೈಡ್. ಎಣ್ಣೆಯಲ್ಲಿ ಶೇ 1ರಷ್ಟು ಗಂಧಕ ಇದ್ದರೆ 320 ಕಿಲೊ ಗಂಧಕದ ಡೈಆಕ್ಸೈಡ್. ಅಪರೂಪಕ್ಕೆ ಓಡುವ ಘಟಕದ ವರ್ಷದ ಒಟ್ಟು ಮೊತ್ತ ಚಿಕ್ಕದಾಗಿಯೇ ಕಾಣುತ್ತದೆ. ಆದರೆ ನಾವು ಉಸಿರಾಡುವುದು ವರ್ಷದ ಸರಾಸರಿಯನ್ನಲ್ಲ. ಚಳಿಗಾಲದ ಸಂಜೆ ಗಾಳಿ ಆಡುವುದಿಲ್ಲ, ಹೊಗೆ ಕೆಳಗೇ ನಿಲ್ಲುತ್ತದೆ. ಅದಕ್ಕೇ ಇಂಥ ಘಟಕಗಳನ್ನು ತಾಸಿನ ಲೆಕ್ಕದಲ್ಲಿ ಅಳೆಯಬೇಕು ಎನ್ನುತ್ತೇನೆ.

ಹಾಗಂತ ದೊಡ್ಡ ಎಂಜಿನ್ ನಿಂತರೆ ಊರಿನ ಗಾಳಿ ಚೊಕ್ಕಟ ಎನ್ನಲಾಗದು. ಲೈನ್ ಹೋದ ಕೂಡಲೇ ಖಡೇಬಜಾರಿನಲ್ಲಿ ಅಂಗಡಿಗಳ ಜನರೇಟರ್ ಶುರುವಾಗುತ್ತವೆ. ಅವಕ್ಕೆ ಎತ್ತರದ ಚಿಮಣಿ ಇಲ್ಲ. ಹೊಗೆ ನೇರ ಹಾದಿಹೋಕರ ಮುಖಕ್ಕೆ. ತಳ್ಳುಗಾಡಿಯ ಬಾಳೆಹಣ್ಣಿನ ಮೇಲೆ ಕಪ್ಪು ಮಸಿ ಕೂರುತ್ತದೆ, ಬೆರಳಿಂದ ಒರೆಸಿದರೆ ಅಂಟುತ್ತದೆ.

ಈಗ ಹಗಲಿಗೆ ಸೋಲಾರ್ ಇದೆ, ಕೊರತೆ ಸಂಜೆಯದ್ದು. ಸವದತ್ತಿ ಕಡೆ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಿರುವುದು ಇದಕ್ಕೇ. ಹಗಲು ನೀರು ಮೇಲೆತ್ತುವುದು, ಸಂಜೆ ಬಿಡುವುದು. ಎತ್ತಲು 100 ಯೂನಿಟ್ ಹಾಕಿದರೆ ವಾಪಸ್ ಬರುವುದು ಹೆಚ್ಚೂಕಡಿಮೆ 75ರಿಂದ 80. ಎತ್ತುವ ಕರೆಂಟು ಬಿಸಿಲಿನದ್ದಾದರೆ ಹೊಗೆ ನಿಜಕ್ಕೂ ತಪ್ಪುತ್ತದೆ. ಕಲ್ಲಿದ್ದಲಿನದ್ದಾದರೆ ಆ ಹೊಗೆ ಬೆಳಗಾವಿ ಬಿಟ್ಟು ವಿಜಯಪುರ ಜಿಲ್ಲೆಯ ಕೂಡಗಿಯಂಥ ಕಲ್ಲಿದ್ದಲು ಘಟಕದಲ್ಲಿ ಏಳುತ್ತದೆ.