ಅವರಿಗೆ ಬೇಕಾಗಿದ್ದು ಗ್ಯಾಸ್ ಅಲ್ಲ, ನೀರು

ಕೃಷಿ ವಿಸ್ತರಣೆ, ಅಂದರೆ ಹೊಸ ಪದ್ಧತಿಗಳನ್ನು ರೈತರಿಗೆ ತಲುಪಿಸುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರ ದೂರು ಯಾವಾಗಲೂ ಒಂದೇ: "ಸಾರ್, ಎಷ್ಟು ಹೇಳಿದರೂ ಜನ ಒಪ್ಪಲ್ಲ." ಅವರಿಗೆ ನಾನು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯ ಕಥೆ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನ ಹುಡುಕೋಕೆ 'ಅಸ್ತ್ರ' ಅಂತ ಒಂದು ತಂಡ ಶುರುವಾಯಿತು. ಮುಂದೆ ನಿಂತವರು ಪ್ರೊ. ಎ.ಕೆ.ಎನ್. ರೆಡ್ಡಿ. ಪುರದಲ್ಲಿ ಇವರು ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು, ಮನೆ ಮನೆ ಅಡುಗೆಗೂ ಗ್ಯಾಸ್ ಕೊಡೋಣ ಅಂತ. ನಡೆಯಲಿಲ್ಲ. ಎಲ್ಲ ಒಲೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಸೌದೆ ಹೇಗಿದ್ದರೂ ಪುಕ್ಕಟೆ ಸಿಗುತ್ತಿತ್ತು. ಊರವರಿಗೆ ನಿಜವಾಗಿ ಬೇಕಾಗಿದ್ದು ಕುಡಿಯುವ ನೀರು. ಆಮೇಲೆ 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಬೋರ್‌ವೆಲ್ ನೀರು ನಲ್ಲಿಗೆ ಬರುವ ಹಾಗೆ ಮಾಡಿದರು, ಸಂಜೆ ಮನೆಗಳಲ್ಲಿ ದೀಪವೂ ಉರಿಯಿತು. ಸಗಣಿ ತಾನಾಗಿ ಬರತೊಡಗಿತು! ತಂದ ಸಗಣಿಯನ್ನು ತೂಗಿ ಬರೆದುಕೊಂಡು, ಕೆಜಿಗೆ 2 ಪೈಸೆ ಕೊಟ್ಟು, ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಕೊಡುತ್ತಿದ್ದರು. ಘಟಕ ನೋಡಿಕೊಂಡವರೂ ಊರಿನ ಹುಡುಗರೇ. ಸಗಣಿ ತರದಿದ್ದರೆ ತಮ್ಮ ನಲ್ಲಿಗೂ ನೀರಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ನೋಡಿ, ಯಂತ್ರ ಹೆಚ್ಚುಕಮ್ಮಿ ಅದೇ, ಸಗಣಿ ಅದೇ, ಜನರೂ ಅವರೇ. ಬದಲಾಗಿದ್ದು ಅದರಿಂದ ಏನು ಸಿಗುತ್ತೆ ಅನ್ನೋದು ಮಾತ್ರ. ಹಾಗಾಗಿ ಜನಕ್ಕೆ ತಿಳುವಳಿಕೆ ಇಲ್ಲ ಅಂತ ಯಾರಾದರೂ ಗೊಣಗಿದರೆ ನನಗೆ ಸ್ವಲ್ಪ ಕೋಪವೇ ಬರುತ್ತೆ. ಸುಮ್ನೆ ಒಂದು ಸಲ ಅವರ ಜಗಲಿ ಮೇಲೆ ಕೂತು ಕೇಳಬಹುದಿತ್ತು ಅಲ್ವಾ?

ಇನ್ನು ನಮ್ಮ ಗದ್ದೆಗೆ ಬರೋಣ. ಭತ್ತದ ನಾಟಿ ಯಂತ್ರ ಬೇಡ ಅನ್ನುವ ರೈತರಿಗೆ ಯಂತ್ರದ ಬಗ್ಗೆ ಅಷ್ಟೇನೂ ಅನುಮಾನ ಇರುವುದಿಲ್ಲ. ಹೆದರಿಕೆ ಇರುವುದು ಪಕ್ಕದ ಗದ್ದೆಯವನ ನಗುವಿಗೆ. ಟ್ರೇನಲ್ಲಿ ಬೆಳೆಸಿದ ಸಸಿಯನ್ನು ಎರಡು ವಾರದ ಆಸುಪಾಸಿನಲ್ಲೇ, ಇನ್ನೂ ಗೇಣುದ್ದ ಇರುವಾಗಲೇ ನಾಟಿ ಮಾಡಬೇಕು, ಮಾಮೂಲಿ ನಾಟಿಗೆ ಕೀಳುವ ಸಸಿಗೆ ಅದರ ಹೆಚ್ಚುಕಮ್ಮಿ ಎರಡರಷ್ಟು ವಯಸ್ಸು. ಯಂತ್ರ ಹೋದ ಮೇಲೆ ಗದ್ದೆ ಬೋಳು ಬೋಳಾಗಿ, ಬರೀ ಕೆಸರು ನೀರು ಕಾಣುತ್ತೆ. "ಏನಣ್ಣ, ಈ ವರ್ಷ ಭತ್ತ ಹಾಕಲಿಲ್ವಾ?" ಅಂತ ಹೋಗುವವರು ಬರುವವರೆಲ್ಲ ಕೇಳುತ್ತಾರೆ. ಸಸಿ ಬೇರು ಹಿಡಿದು, ಬುಡದಿಂದ ಹೊಸ ಕವಲು ಬಂದು ತೆಂಡೆ ಒಡೆಯುವ ತನಕ ಆ ರೈತ ಇದನ್ನೆಲ್ಲ ಕೇಳಿಸಿಕೊಳ್ಳಬೇಕು. ಆ ದಿನಗಳಲ್ಲಿ ನೀವು ಅವನ ಗದ್ದೆ ಬದುವಿನ ಮೇಲೆ ಕಾಣಿಸಿಕೊಳ್ಳದಿದ್ದರೆ ಮುಂದಿನ ಹಂಗಾಮಿಗೆ ಅವನು ನಿಮ್ಮ ಫೋನ್ ಎತ್ತಲ್ಲ.

ಪ್ರಾತ್ಯಕ್ಷಿಕೆಗೆ ಊರಿನ ದೊಡ್ಡ ರೈತನನ್ನು ಹಿಡಿಯುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ. "ಅವರಿಗೇನಪ್ಪ, ಹೋದರೂ ತಡ್ಕೋತಾರೆ" ಅಂತ ಉಳಿದವರು ಎದ್ದು ಹೋಗುತ್ತಾರೆ. ಎರಡೋ ಮೂರೋ ಎಕರೆಯವರನ್ನು, ಅದೂ ರಸ್ತೆ ಪಕ್ಕದ ಗದ್ದೆಯವರನ್ನು ನೋಡಿ. ಪೂರ್ತಿ ಗದ್ದೆ ಕೇಳಬೇಡಿ, ಹತ್ತು ಗುಂಟೆ ಸಾಕು. ನಷ್ಟ ಆದರೆ ಯಾರು ತುಂಬಿಕೊಡೋದು ಅನ್ನುವ ಮಾತು ಮೊದಲೇ ಆಗಿರಲಿ.

ಮತ್ತೆ, ಹೊಸ ಯಂತ್ರದಿಂದ ಯಾರ ಕೂಲಿ ಹೋಗುತ್ತೆ ಅಂತ ಮೊದಲೇ ಯೋಚಿಸಿ. ನಾಟಿಗೆ ಹೋಗುವ ಹೆಂಗಸರನ್ನು ಬಿಟ್ಟು ಸಭೆ ಮಾಡಿದರೆ ಸಂಜೆಯೊಳಗೆ ಊರೆಲ್ಲ ನಿಮಗೆ ವಿರೋಧ. ಅವರು ಕೇಳುವುದು ನ್ಯಾಯವೇ. ಟ್ರೇ ಸಸಿ ಬೆಳೆಸುವ ಕೆಲಸವನ್ನು ಅವರ ಸಂಘಕ್ಕೆ ವಹಿಸುವ ಮಾತು ಎತ್ತಿ ನೋಡಿ. ಕೂಲಿ ಪೂರ್ತಿ ತುಂಬಿ ಬರುತ್ತೆ ಅಂತ ಮಾತ್ರ ಹೇಳಬೇಡಿ, ಬರಲ್ಲ. ಮಣ್ಣು ಜರಡಿ ಹಿಡಿಯುವವರು ಯಾರು, ಬೀಜದ ದುಡ್ಡು ಯಾರದು, ಒಂದು ಟ್ರೇಗೆ ಎಷ್ಟು ಕೊಡ್ತೀರಾ, ಮಳೆ ಕೈಕೊಟ್ಟು ನಾಟಿ ತಡವಾಗಿ ಸಸಿ ಬಲಿತರೆ ಯಾರ ತಲೆ ಮೇಲೆ ಅಂತ ಅವರೇ ಒಂದೊಂದಾಗಿ ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಿ.