ಉಣ್ಣಲ್ಲ ಅಂದರೆ ಬಿಟ್ಟುಬಿಡಿ

ಹಿರಿಯರು ಕೊನೆಯ ದಿನಗಳಲ್ಲಿದ್ದಾಗ ಮನೆಯಲ್ಲಿ ಜಾಸ್ತಿ ಸಂಕಟ ಆಗುವುದು ಊಟದ ವಿಷಯಕ್ಕೆ. ಬಸವನಗುಡಿಯ ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ರಾಗಿ ಗಂಜಿಯ ಚಮಚ ತುಟಿ ಹತ್ತಿರ ಬಂದರೆ ಸಾಕು, ಮುಖವನ್ನು ಗೋಡೆ ಕಡೆ ತಿರುಗಿಸುತ್ತಿದ್ದರು. 'ಇನ್ನೊಂದೇ ಒಂದು ಚಮಚ ಅಮ್ಮಾ' ಎಂದು ಮಕ್ಕಳು ಗೋಗರೆಯುವುದು, ಅವರು ಹೇಗೋ ನುಂಗಲು ಹೋಗಿ ಕೆಮ್ಮುವುದು, ಗಂಜಿ ಕೆನ್ನೆ ಮೇಲೆ ಇಳಿದು ದಿಂಬಿಗೆ ಅಂಟುವುದು. ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ದೇಹ ಅದನ್ನು ಕೇಳುತ್ತಿರಲಿಲ್ಲ.

ಊಟ ಬಿಟ್ಟಿದ್ದಕ್ಕೇ ಸಾವು ಬರುತ್ತಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಬಹಳ ಸಲ ಸಾವು ಹತ್ತಿರ ಬಂದಿರುವುದರಿಂದಲೇ ಊಟ ಬಿಟ್ಟುಹೋಗಿರುತ್ತದೆ. ಕ್ಯಾನ್ಸರ್ ಕೈಮೀರಿದಾಗ ಗೆಡ್ಡೆಯಿಂದಲೂ ರೋಗನಿರೋಧಕ ಕೋಶಗಳಿಂದಲೂ ಸೈಟೋಕೈನ್ ಎಂಬ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಅವು ಮಿದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ, ಸ್ನಾಯುಗಳನ್ನೂ ಕರಗಿಸುತ್ತವೆ. ಡಾಕ್ಟರುಗಳು ಇದನ್ನು ಕ್ಯಾಕೆಕ್ಸಿಯಾ ಅನ್ನುತ್ತಾರೆ. ಸುಮ್ನೆ ಜಾಸ್ತಿ ತಿನ್ನಿಸಿದರೆ ಕರಗಿದ ಸ್ನಾಯು ವಾಪಸ್ ಬರುವುದಿಲ್ಲ.

ಆಗ ಯಾರಾದರೂ 'ಗ್ಲೂಕೋಸ್ ಆದರೂ ಹಾಕಿಸಿ' ಅನ್ನುತ್ತಾರೆ. ಅಮೆರಿಕದಲ್ಲಿ ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ದಿನಕ್ಕೆ 1 ಲೀಟರ್ ಸಲೈನ್, ಉಳಿದವರಿಗೆ ಬರೀ 100 ಮಿಲಿಲೀಟರ್. ನೆಮ್ಮದಿಯಲ್ಲಾಗಲಿ, ಬದುಕಿದ ದಿನಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿ ಸೋತಿದ್ದರೆ ಆ ನೀರು ಕಾಲಿಗೆ ಇಳಿದು ಬಾವು ಬರಬಹುದು, ಶ್ವಾಸಕೋಶಕ್ಕೆ ಸೇರಿ ಉಸಿರಾಟ ಇನ್ನೂ ಕಷ್ಟವಾಗಬಹುದು.

ಇದು ಕೊನೆಯ ದಿನಗಳ ಮಾತು. ಚಿಕಿತ್ಸೆ ನಡೆಯುತ್ತಿರುವಾಗ ಹಸಿವು ಹೋದರೆ ಡಾಕ್ಟರಿಗೆ ಹೇಳಲೇಬೇಕು.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಆ ಹೊತ್ತಿನಲ್ಲಿ ಕಾಡುವುದು ಹೆಚ್ಚಾಗಿ ಒಣಗಿದ ಬಾಯಿ. ಒದ್ದೆ ಹತ್ತಿಯಿಂದ ನಾಲಿಗೆ ಒರೆಸಿ, ತುಟಿಗೆ ವ್ಯಾಸಲಿನ್ ಹಚ್ಚಿ, ಕೇಳಿದರೆ ಎರಡು ಹನಿ ಎಳನೀರು ಕೊಡಿ. ನೋವಿಗೆ, ಏದುಸಿರಿಗೆ ಮಾರ್ಫಿನ್ ಇದೆ, ಅದಕ್ಕೆ ಹೆದರಬೇಡಿ, ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಡಿ. ನಮ್ಮ ಬೆಂಗಳೂರಿನಲ್ಲೇ ಮಾರತಹಳ್ಳಿ ಹತ್ತಿರದ ಕರುಣಾಶ್ರಯದಲ್ಲಿ, ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ನಮಗೇ ಆ ಸ್ಥಿತಿ ಬಂದರೆ ಊಟ ಕೊಡುವ ನಳಿಕೆ, ವೆಂಟಿಲೇಟರ್ ಬೇಕೋ ಬೇಡವೋ ಎಂದು ಮುಂಚೆಯೇ ಬರೆದಿಡಬಹುದು. ಹೀಗೆ ಬರೆದಿಡುವ ಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟು, 2023ರಲ್ಲಿ ನಿಯಮ ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ನಮ್ಮಪ್ಪ ಅವರದನ್ನು ಬರೆದು, ಎಲ್ಲಿಟ್ಟಿದ್ದಾರೆಂದು ನಮಗೆಲ್ಲ ಹೇಳಿದ್ದಾರೆ.